ಬಾಲ್ಯದ ಗೋದಲಿಯನ್ನು ಮನೆಯಲ್ಲಿ ಮತ್ತೆ ಕಟ್ಟುವುದು: ಗೋಧಿ ಬಿತ್ತುವುದರಿಂದ ಪೆಟ್ಟಿಗೆ ತುಂಬುವವರೆಗೆ

ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯನ್ನು ಕ್ರಿಸ್‌ಮಸ್ಸಿಗೆ ಗುಡಿಸಲು, ಬೆಟ್ಟ, ಗೋಧಿಯ ಹಸಿರು ಪೈರು, ತಾಯಿ ಮರಿಯ, ತಂದೆ ಯೋಸೇಫ, ಕುರುಬರ ಗೊಂಬೆಗಳಿಂದ ಕಟ್ಟಿ ತೋರಿಸುವುದು. ಡಿಸೆಂಬರ್ ಮೂರನೇ ವಾರ ಬಂತೆಂದರೆ ಅದನ್ನು ಕಟ್ಟುವವರಿಂದ ಕೇಳಿಬರುವ ದೂರು ಒಂದೇ ತೆರ. ಗೋಧಿ ಹುಲ್ಲು ಹಳದಿಯಾಗಿ ಮಲಗಿತು. ಮಣ್ಣು ಬಿರುಕು ಬಿಟ್ಟು ಕುರುಬನ ಗೊಂಬೆ ವಾಲಿತು. ಯೋಸೇಫನ ತಲೆ ಗುಡಿಸಲಿನ ಸೂರಿಗೆ ಬಡಿಯುತ್ತದೆ. ಸೀರಿಯಲ್ ಸೆಟ್ ಹತ್ತಲಿಲ್ಲ, ಎಳೆಯಹೋದರೆ ಬೆಟ್ಟವೇ ಕಿತ್ತು ಬರುತ್ತದೆ. ಸಾಮಾನು ಎಲ್ಲರ ಬಳಿಯೂ ಇರುತ್ತದೆ, ಉಮೇದಿಯೂ ಇರುತ್ತದೆ. ಕೆಡುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ. ಹೆಚ್ಚಿನವರು ಗೊಂಬೆ ಜೋಡಿಸುವುದರಿಂದ ಶುರುಮಾಡುತ್ತಾರೆ. ಗೊಂಬೆ ಅಳತೆಗೆ ಮಾತ್ರ ಮೊದಲು ಬೇಕು, ಅದರ ಜಾಗಕ್ಕೆ ಅದು ಬರುವುದು ಎಲ್ಲಕ್ಕಿಂತ ಕೊನೆಗೆ.

ಕೆಳಗಿನ ಲೆಕ್ಕವೆಲ್ಲ ಮನೆಯೊಳಗಿನ ಗೋದಲಿಗೆ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸುಗಳಲ್ಲಿ ನಾವು ಚಿಕ್ಕವರಿದ್ದಾಗ ಟ್ರಂಕಿನ ಮೇಲೆ ಕಟ್ಟುತ್ತಿದ್ದಂಥದ್ದು, ಹೆಚ್ಚುಕಡಿಮೆ ಮೂರು ಅಡಿ ಅಗಲ, ಎರಡು ಅಡಿ ಆಳ. ಚರ್ಚಿನ ಅಂಗಳದ ದೊಡ್ಡ ಗೋದಲಿಯ ಲೆಕ್ಕವೇ ಬೇರೆ, ಅದಕ್ಕೆ ಇದನ್ನು ಹಿಗ್ಗಿಸಬೇಡಿ.

ಮೊದಲು ಕೂಡಿಸಿಡಬೇಕಾದ ಸಾಮಾನು

ಗಟ್ಟಿ ಮೇಜು ಅಥವಾ ಟ್ರಂಕು. ಅದರ ಮೇಲೆ ಹಾಸಲು ದಪ್ಪ ಪ್ಲಾಸ್ಟಿಕ್ ಹಾಳೆ. ಖಾಲಿ ರಟ್ಟಿನ ಡಬ್ಬಿಗಳು, ಹಳೇ ಪೇಪರು, ಖಾಕಿ ಕಾಗದ, ಮೈದಾ. ಅರ್ಧ ಬುಟ್ಟಿ ಮಣ್ಣು, ಅಷ್ಟೇ ಉಸುಕು. ಬತ್ತದ ಹುಲ್ಲು ಒಂದು ಕಟ್ಟು. ಬಿದಿರ ಕಡ್ಡಿ, ಸುತಳಿ, ಕತ್ತರಿ. ಎಲ್‌ಇಡಿ ಸೀರಿಯಲ್ ಸೆಟ್, ಇನ್ಸುಲೇಷನ್ ಟೇಪು, ಎಕ್ಸ್‌ಟೆನ್ಷನ್ ಬೋರ್ಡು. ಗೋಧಿ. ಬೀಜ ಹಾಕಲು ಅಂಚಿರುವ ತಾಟುಗಳು. ತಾಟು ಸಾಲದಿದ್ದರೆ ಒಳಗೆ ಪ್ಲಾಸ್ಟಿಕ್ ಹಾಸಿದ ಪೇಢೆಯ ಡಬ್ಬಿ ಆದೀತು. ನೀರು ಚಿಮುಕಿಸಲು ಸ್ಪ್ರೇ ಬಾಟಲಿ, ಇದನ್ನು ಮಾತ್ರ ಬಿಡಬೇಡಿ. ತಂಬಿಗೆಯಿಂದ ನೀರು ಸುರಿದೇ ಅರ್ಧ ಜನರ ಗೋಧಿ ಕೊಳೆಯುವುದು.

ಹಂತ 1: ಮನೆಯ ಹಿರಿಯರನ್ನು ಕೇಳಿ, ಹಾಳೆಯ ಮೇಲೆ ನಕ್ಷೆ ಬರೆಯುವುದು (ಡಿಸೆಂಬರ್ ಮೊದಲ ವಾರ)

"ಆಯಿ, ಆಗ ಗೋದಲಿ ಹೆಂಗಿತ್ತು?" ಎಂದು ಕೇಳಿದರೆ "ಏನಿರ್ತದವಾ, ಇಷ್ಟು ಮಣ್ಣು, ನಾಕು ಗೊಂಬಿ" ಎನ್ನುವ ಉತ್ತರಕ್ಕೇ ಮಾತು ಮುಗಿಯುತ್ತದೆ. ಕೇಳುವ ರೀತಿ ಬದಲಾಗಬೇಕು. ಗುಡಿಸಲು ಯಾವ ಗೋಡೆಗೆ ಇತ್ತು? ಎತ್ತು ಎಡಕ್ಕೋ ಬಲಕ್ಕೋ? ಬೆಟ್ಟ ಯಾವ ಕಾಗದದ್ದು? ಕೆರೆಗೆ ಕನ್ನಡಿ ಇಟ್ಟಿದ್ದರೋ, ತಾಟಿನಲ್ಲಿ ನೀರೋ? ಬಾಲಯೇಸುವನ್ನು ಯಾರು ಮಲಗಿಸುತ್ತಿದ್ದರು? ಇಷ್ಟು ಸಣ್ಣದಾಗಿ ಕೇಳಿದರೆ ಉಳಿದದ್ದು ತಾನಾಗಿಯೇ ಬರುತ್ತದೆ. ಕೆರೆಗೆ ಇಟ್ಟದ್ದು ಅಪ್ಪ ಗಡ್ಡ ಕೆರೆಯುವ ಕನ್ನಡಿ ಎಂದು ನೆನಪಾದ ಮೇಲೆ, ಹಬ್ಬದ ಬೆಳಿಗ್ಗೆ ಆ ಕನ್ನಡಿಗಾಗಿ ಆದ ಜಗಳವೂ ನೆನಪಾಗುತ್ತದೆ.

ಹಳೇ ಫೋಟೋಗಳಲ್ಲಿ ಮುಖ ನೋಡಬೇಡಿ, ಹಿಂದುಗಡೆ ನೋಡಿ. ಹೊಸ ಬಟ್ಟೆ ಹಾಕಿ ನಿಲ್ಲಿಸಿದ ಮಕ್ಕಳ ಮೊಣಕಾಲಿನ ಪಕ್ಕ ಗೋದಲಿಯ ಒಂದು ಮೂಲೆ ಸಿಕ್ಕೇ ಸಿಗುತ್ತದೆ. ಮೊಬೈಲಿನಲ್ಲಿ ಅದನ್ನು ದೊಡ್ಡದು ಮಾಡಿ ಹಿರಿಯರ ಮುಂದೆ ಹಿಡಿದು ಆಮೇಲೆ ಕೇಳಿ.

ಅಣ್ಣ ಒಂದು ಹೇಳುತ್ತಾನೆ, ಅಕ್ಕ ಇನ್ನೊಂದು ಹೇಳುತ್ತಾಳೆ. ಇದು ಆಗಿಯೇ ಆಗುವುದು. ಗೋದಲಿ ನೋಡಿದವರ ಮಾತಿಗಿಂತ, ಅದಕ್ಕೆ ಮಣ್ಣು ಹೊತ್ತವರ ಮಾತು ಹಿಡಿಯಿರಿ ಎಂಬುದು ನನ್ನ ಅಭಿಪ್ರಾಯ. ಎರಡನೇ ಮಾತು: ನೆನಪಿನಲ್ಲಿರುವುದನ್ನೆಲ್ಲ ಒಂದೇ ವರ್ಷದಲ್ಲಿ ತುರುಕಬೇಡಿ. ನಿಮ್ಮ ಮನೆಗೆ ಮಾತ್ರ ಸೇರಿದ್ದೆನಿಸುವ ಎರಡು ಮೂರು ಸಂಗತಿ ಆರಿಸಿಕೊಂಡು ಹಾಳೆಯಲ್ಲಿ ಗುರುತು ಹಾಕಿ.

ಹಂತ 2: ಗೊಂಬೆ ಅಳೆದು ತಿರುಗಿ ಪೆಟ್ಟಿಗೆಗೆ ಹಾಕುವುದು

ನಿಂತಿರುವ ಗೊಂಬೆಗಳಲ್ಲಿ ಎಲ್ಲಕ್ಕಿಂತ ಎತ್ತರದ್ದನ್ನು ಅಳೆಯಿರಿ, ಸಾಮಾನ್ಯವಾಗಿ ಅದು ಯೋಸೇಫ. ಗುಡಿಸಲಿನ ಮುಂಬಾಗಿಲು ಅದರ ಒಂದೂವರೆ ಪಟ್ಟು ಎತ್ತರ ಇರಬೇಕು. ಎಂಟು ಅಂಗುಲದ ಗೊಂಬೆಗೆ ಹನ್ನೆರಡು ಅಂಗುಲದ ಬಾಗಿಲು. ಕೆಳಗೆ ಮಣ್ಣು ಮತ್ತು ಹುಲ್ಲಿನ ಹಾಸು ಒಂದಂಗುಲ ತಿನ್ನುತ್ತದೆ, ಅದನ್ನೂ ಹಿಡಿಯಿರಿ.

ಬೇರೆ ಬೇರೆ ವರ್ಷ ಕೊಂಡ ಗೊಂಬೆಗಳ ಅಳತೆ ಒಂದಕ್ಕೊಂದು ಕೂಡದು. ದೊಡ್ಡವು ಮುಂದೆ, ಸಣ್ಣವು ಬೆಟ್ಟದ ಮೇಲೆ ಹಿಂದಕ್ಕೆ. ಹೀಗಿಟ್ಟರೆ ದೂರ ಇರುವಂತೆ ಕಾಣುತ್ತದೆ, ಹೊಸ ಸೆಟ್ ಕೊಳ್ಳುವ ಖರ್ಚು ತಪ್ಪುತ್ತದೆ.

ಎತ್ತು ಇಲ್ಲದಿದ್ದರೆ ಒಂದು ಉಪಾಯ, ಆದರೆ ಮುಂದಿನ ವರ್ಷಕ್ಕೆ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರು ಮಾಡಿ ಮಾರುವ ಎತ್ತುಗಳಲ್ಲಿ ಒಂದು ಜೋಡಿ ಕೊಂಡಿಟ್ಟುಕೊಳ್ಳಿ. ನಮ್ಮ ಓಣಿಯ ಗೋದಲಿಗಳಲ್ಲಿ ಎಲ್ಲೆಲ್ಲೂ ಇವೇ ಇದ್ದವು, ಕೊಂಬಿಗೆ ಬಣ್ಣ, ಕೊರಳಿಗೆ ಮಣಿ ಸಮೇತ. ಬೆತ್ಲೆಹೇಮಿನ ದನದ ಕೊಟ್ಟಿಗೆಯಲ್ಲಿ ಕಿಲಾರಿ ಎತ್ತು ನಿಂತದ್ದನ್ನು ಯಾರೂ ಪ್ರಶ್ನಿಸಲಿಲ್ಲ. ಇವು ಸುಡದ ಹಸಿ ಮಣ್ಣಿನವು, ನೀರು ತಾಗಿದರೆ ಕಾಲು ಕರಗುತ್ತದೆ ಎಂಬುದಷ್ಟೇ ನೆನಪಿರಲಿ.

ಹಂತ 3: ಬೆಟ್ಟ (ಡಿಸೆಂಬರ್ 8ರಿಂದ 12)

ಜಾಗ ಮೊದಲು ಗಟ್ಟಿ ಮಾಡಿಕೊಳ್ಳಿ. ಪ್ಲಗ್ಗಿಗೆ ಹತ್ತಿರ, ಬಾಗಿಲ ಗಾಳಿಗೆ ದೂರ, ದೊಡ್ಡವರ ಸೊಂಟದ ಎತ್ತರ. ನೆಲದ ಮೇಲೆ ಕಟ್ಟಿದರೆ ಇಲಿ, ಬೆಕ್ಕು, ಅಂಬೆಗಾಲಿಡುವ ಕೂಸು, ಮೂರಕ್ಕೂ ದಾರಿ ಕೊಟ್ಟಂತೆ. ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ರಟ್ಟಿನ ಡಬ್ಬಿಗಳನ್ನು ಮೆಟ್ಟಿಲಿನಂತೆ ಹಿಂದುಗಡೆ ಏರಿಸಿ ಟೇಪು ಹಾಕಿ. ಸಂದಿಗಳಿಗೆ ಪೇಪರಿನ ಉಂಡೆ ತುಂಬಿ.

ಮೈದಾ ಅಂಟಿಗೆ ಒಂದು ವಾಟಿ ಹಿಟ್ಟಿಗೆ ನಾಲ್ಕು ವಾಟಿ ನೀರು. ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡೇ ಒಲೆಗಿಡಿ, ಕೈಯಾಡಿಸುತ್ತ ಗಂಜಿಯಾಗುವವರೆಗೆ ಕಾಯಿಸಿ. ಹುಳ ಬರಬಾರದೆಂದು ಹಿಂದೆ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಖಾಕಿ ಕಾಗದವನ್ನು ಚೆನ್ನಾಗಿ ಮುದ್ದೆ ಮಾಡಿ, ಬಿಡಿಸಿ, ಅಂಟು ಬಳಿದು ಡಬ್ಬಿಗಳ ಮೇಲೆ ಹೊದಿಸಿ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಮ್ಮೆಗೇ ಮೂರು ಪದರ ಹೊದಿಸಿದರೆ ಒಳಗಿನದು ಒಣಗುವುದಿಲ್ಲ, ಹುಳಿ ವಾಸನೆ ಹೊಡೆಯುತ್ತದೆ. ಆ ವಾಸನೆ ಬಂದರೆ ತಡಮಾಡದೆ ಕಿತ್ತು ಬಿಸಿಲಿಗಿಡಿ.

ಬಣ್ಣಕ್ಕೆ ಅಂಗಡಿಯ ಪೇಂಟೇ ಆಗಬೇಕೆಂದಿಲ್ಲ. ನೀರಿನಲ್ಲಿ ಕಲಸಿದ ಹುರಮಂಜು ಕೆಳಗೆ, ತಿಳಿ ಸುಣ್ಣ ತುದಿಗಳಿಗೆ. ಸುಣ್ಣ ಬಳಿಯುವುದನ್ನು ಮಕ್ಕಳಿಗೆ ಕೊಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ.

ಹಂತ 4: ಗೋಧಿ ಬಿತ್ತುವುದು (ಡಿಸೆಂಬರ್ 12 ಅಥವಾ 13)

ಇಡೀ ಕೆಲಸ ನಿಂತಿರುವುದು ಇದರ ಮೇಲೆ, ಎಲ್ಲರೂ ಎಡವುವುದೂ ಇಲ್ಲೇ. ನವರಾತ್ರಿಗೆ ಘಟ ಹಾಕುವ ಮನೆಯವರು ನೆರೆಯಲ್ಲಿದ್ದರೆ ಅವರನ್ನು ಒಮ್ಮೆ ಕೇಳಿ ಬನ್ನಿ, ಕೆಲಸ ಅದೇ. ಹವಾಮಾನ ಮಾತ್ರ ಬೇರೆ. ಅಕ್ಟೋಬರಿನ ಬೆಚ್ಚಗಿನ ರಾತ್ರಿಗಳಲ್ಲಿ ಏಳುವ ವೇಗದಲ್ಲಿ ಡಿಸೆಂಬರಿನ ಚಳಿಯಲ್ಲಿ ಪೈರು ಏಳುವುದಿಲ್ಲ.

ಬೀಜದ ಆಯ್ಕೆ: ಗಿರಣಿಗೆ ಹಾಕಲು ತಂದ ಇಡೀ ಗೋಧಿ ಸಾಕು. ಹುಗ್ಗಿಗೆಂದು ಕುಟ್ಟಿ ಸಿಪ್ಪೆ ತೆಗೆದ ಗೋಧಿ ಮೊಳೆಯುವುದಿಲ್ಲ, ಕುಟ್ಟುವಾಗಲೇ ಅದರ ಮೊಳಕೆಯ ಮೂತಿ ಹಾರಿಹೋಗಿರುತ್ತದೆ. "ಬಿತ್ತಿ ವಾರ ಆತು, ಒಂದೂ ಎದ್ದಿಲ್ಲ" ಎನ್ನುವವರು ಮೊದಲು ಡಬ್ಬಿ ನೋಡಿಕೊಳ್ಳಿ. ಹುಳು ಕೊರೆದ ಹಳೇ ಗೋಧಿಯೂ ಬೇಡ. ಬಿತ್ತನೆ ಬೀಜದ ಅಂಗಡಿಯಿಂದ ತಂದ, ಗುಲಾಬಿ ಬಣ್ಣದ ಔಷಧಿ ಹಚ್ಚಿದ ಬೀಜವಂತೂ ಮನೆಯೊಳಗೇ ಬೇಡ.

ಪರೀಕ್ಷೆ: ಬಿತ್ತುವುದಕ್ಕೆ ಒಂದು ವಾರ ಮೊದಲು ಇಪ್ಪತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಮೂರನೇ ದಿನ ಹದಿನೈದಕ್ಕಿಂತ ಕಡಿಮೆ ಮೊಳೆತಿದ್ದರೆ ಗೋಧಿ ಬದಲಿಸಿ.

ಬಿತ್ತನೆ: ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿಯಿರಿ. ತಾಟಿನಲ್ಲಿ ಒಂದಂಗುಲ ಸಡಿಲ ಮಣ್ಣು ಹರವಿ, ಚಿಮುಕಿಸಿ ಹಸಿ ಮಾಡಿ. ಕಾಳು ಒಂದರ ಪಕ್ಕ ಒಂದು ಮುಟ್ಟುವಂತೆ ಹರಡಿ. ಒಂದರ ಮೇಲೊಂದು ಬಿದ್ದಲ್ಲೇ ಬೂಷ್ಟು ಶುರುವಾಗುವುದು. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಒದ್ದೆ ಬಟ್ಟೆ ಮುಚ್ಚಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಅವ್ವ ತಾಟನ್ನು ಒಲೆಯ ಮೇಲಿನ ಅಟ್ಟದ ಅಂಚಿಗೆ ಇಡುತ್ತಿದ್ದಳು. ಅದರಲ್ಲಿ ಗುಟ್ಟೇನಿಲ್ಲ, ಮನೆಯಲ್ಲಿ ಚಳಿ ತಟ್ಟದ ಜಾಗ ಅದೊಂದೇ.

ಮುಂದಿನ ದಿನಗಳು: ಮೊಳಕೆ ಮಣ್ಣು ಸೀಳಿ ಒಂದಂಗುಲ ಎದ್ದಾಗ ಬಟ್ಟೆ ತೆಗೆದು ಬೆಳಕಿಗೆ ತನ್ನಿ. ಇನ್ನೂ ಕತ್ತಲಲ್ಲೇ ಇಟ್ಟರೆ ಹಳದಿಯಾಗಿ ಉದ್ದ ಏಳುತ್ತದೆ, ಸಂಜೆಗೆ ಮಲಗುತ್ತದೆ. ಮಧ್ಯಾಹ್ನದ ನೇರ ಬಿಸಿಲೂ ಬೇಡ, ಕಿಟಕಿಯ ಬೆಳಗಿನ ಬೆಳಕು ಸಾಕು. ದಿನಕ್ಕೆ ಎರಡು ಸಲ ಚಿಮುಕಿಸಿ. ತಾಟು ಓರೆ ಮಾಡಿದಾಗ ಮೂಲೆಯಲ್ಲಿ ನೀರು ಕೂಡಿದರೆ ಆ ಹೊತ್ತು ನೀರು ಬೇಡ, ಕೂಡಿದ್ದನ್ನು ಬಸಿಯಿರಿ.

ಎಚ್ಚರಿಕೆಯ ಗುರುತು: ಮೂರನೇ ದಿನ ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಬಂತೆಂದು ಇಡೀ ತಾಟು ಚೆಲ್ಲುವವರಿದ್ದಾರೆ. ಹೆಚ್ಚಿನ ಸಲ ಅದು ಬೇರಿನ ರೋಮ. ನೀರು ಚಿಮುಕಿಸಿ ನೋಡಿ, ರೋಮವಾದರೆ ಅಂಟಿಕೊಂಡು ಮಾಯವಾಗುತ್ತದೆ. ಬೂಷ್ಟಾದರೆ ಜೇಡರ ಬಲೆಯಂತೆ ಕಾಳಿನ ಮೇಲೆ ಹಬ್ಬಿರುತ್ತದೆ, ಬೂದು ಬಣ್ಣ, ಮುಗ್ಗಲು ವಾಸನೆ. ಅಷ್ಟು ಭಾಗವನ್ನು ಚಮಚದಿಂದ ಕೆತ್ತಿ ತೆಗೆದು ಗಾಳಿಗಿಡಿ.

ಹತ್ತನೇ ಹನ್ನೊಂದನೇ ದಿನಕ್ಕೆ ಮೂರ್ನಾಲ್ಕು ಅಂಗುಲ ಆಗುತ್ತದೆ, ಬೇಕಾದದ್ದು ಅಷ್ಟೇ. ಡಿಸೆಂಬರ್ ಮೊದಲ ವಾರವೇ ಬಿತ್ತಿದವರ ಪೈರು ಹಬ್ಬದ ಹೊತ್ತಿಗೆ ಬಾಗಿ ಗೊಂಬೆಗಳನ್ನೇ ಮುಚ್ಚಿರುತ್ತದೆ. ಹಾಗಾದರೆ ಕತ್ತರಿಯಿಂದ ಮಟ್ಟ ಮಾಡಿ, ಮತ್ತೆ ಚಿಗುರುತ್ತದೆ. 13ನೇ ತಾರೀಖು ತಪ್ಪಿಸಿಕೊಂಡವರು ಸಾಸಿವೆ ಬಿತ್ತಿ, ವಾರದೊಳಗೆ ಎರಡಂಗುಲದ ಹಸಿರು ಸಿಗುತ್ತದೆ.

ಜೋಳ ಬಿತ್ತಬಹುದೇ ಎಂದು ಬಹಳ ಜನ ಕೇಳುತ್ತಾರೆ. ಮೊಳೆಯುತ್ತದೆ, ಆದರೆ ಚಳಿಗೆ ನಿಧಾನ. ಬೇಡವೆನ್ನಲು ಇನ್ನೊಂದು ಕಾರಣ ಕೊನೆಯ ಹಂತದಲ್ಲಿದೆ.

ಹಂತ 5: ಗುಡಿಸಲು (ಡಿಸೆಂಬರ್ 15ರಿಂದ 17)

ಹುಲ್ಲು ಬತ್ತದ್ದೇ ಒಳ್ಳೆಯದು. ಕಲಘಟಗಿ, ಹಾನಗಲ್ ಕಡೆ ಕೊಯ್ಲು ಮುಗಿದಿರುವುದರಿಂದ ಹೊಸ ಹುಲ್ಲು ಸಿಗುತ್ತದೆ. ಜೋಳದ ಕಣಕಿ ಈ ಅಳತೆಯ ಗುಡಿಸಲಿಗೆ ದಪ್ಪವಾಯಿತು. ಅದನ್ನು ಸೀಳಿ ಕಂಬಕ್ಕೆ ಬಳಸಿ, ಸೂರಿಗೆ ಬೇಡ. ಹುಲ್ಲಿನ ಕಟ್ಟನ್ನು ಮನೆಯ ಹೊರಗೇ ಬಿಚ್ಚಿ ಕೊಡವಿ. ಚೇಳು, ಜೇಡ ಏನಾದರೂ ಇದ್ದೀತು. ಎರಡು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಒಳಗೆ ತನ್ನಿ.

ಬಿದಿರ ಕಡ್ಡಿಯ ನಾಲ್ಕು ಕಂಬ, ಮೇಲೆ ಅಡ್ಡ ಕಡ್ಡಿ, ಸಂದು ಸಂದಿಗೆ ಸುತಳಿ. ಹಿಂಗೋಡೆಗೆ ರಟ್ಟು. ಹುಲ್ಲನ್ನು ಬೆರಳು ದಪ್ಪದ ಹಿಡಿಗಳಾಗಿ ಕಟ್ಟಿ, ಕೆಳಗಿನ ಸಾಲಿನಿಂದ ಮೇಲಕ್ಕೆ ಹೊದಿಸುತ್ತ ಹೋಗಿ. ಮೇಲಿನಿಂದ ಶುರುಮಾಡಿದರೆ ಪ್ರತಿ ಸಾಲಿನ ಕಟ್ಟೂ ಕಣ್ಣಿಗೆ ಬೀಳುತ್ತದೆ. ಕಂಬಗಳನ್ನು ರಟ್ಟಿಗೆ ಅಂಟಿಸಿ ಬಿಡಬೇಡಿ. ಹಿಟ್ಟಿನ ಹದಕ್ಕೆ ಕಲಸಿದ ಮಣ್ಣಿನ ಉಂಡೆಗಳಲ್ಲಿ ಊರಿ ಒಂದು ದಿನ ಒಣಗಲು ಬಿಡಿ. ಸೂರಿನ ಭಾರಕ್ಕೆ ಗುಡಿಸಲು ಮುಂದಕ್ಕೆ ಬಾಗುವುದು ಹೀಗೆ ಊರದ ಕಡೆ ಮಾತ್ರ.

ಹಂತ 6: ದೀಪ, ಆಮೇಲೆ ಮಣ್ಣು (ಡಿಸೆಂಬರ್ 18ರಿಂದ 20)

ಎರಡನ್ನೂ ಒಂದೇ ಹಂತದಲ್ಲಿ ಹೇಳುತ್ತಿರುವುದು ಬೇಕೆಂದೇ. ತಂತಿ ಮೊದಲು, ಮಣ್ಣು ಆಮೇಲೆ.

ಸೀರಿಯಲ್ ಸೆಟ್ಟನ್ನು ನೆಲದ ಮೇಲೆ ಉದ್ದಕ್ಕೆ ಬಿಚ್ಚಿ ಒಂದು ತಾಸು ಹಚ್ಚಿಡಿ. ತಂತಿ, ಪ್ಲಗ್ಗು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಅದನ್ನು ಬಳಸಬೇಡಿ. ಹಳೇ ಸಣ್ಣ ಬಲ್ಬಿನ ಸೆಟ್ ಅಟ್ಟದಲ್ಲಿದ್ದರೆ ನೆನಪಿಗೆ ಅಲ್ಲೇ ಇರಲಿ, ಅದರ ಬಲ್ಬು ಕಾಯುತ್ತದೆ, ಪಕ್ಕದಲ್ಲೇ ಒಣ ಹುಲ್ಲು ಇರುತ್ತದೆ. ಬೆಟ್ಟದ ಹಿಂದೆ, ಗುಡಿಸಲಿನ ಸೂರಿನ ಒಳಮೈಗೆ ತಂತಿ ಹಾಯಿಸಿ. ಬೆಳಕು ಹಿಂದಿನಿಂದ ಬಂದರೆ ಚೆಂದ, ಮುಂದೆ ಕಟ್ಟಿದರೆ ಕಣ್ಣಿಗೆ ಚುಚ್ಚುತ್ತದೆ. ಜೋಡಣೆಗಳೆಲ್ಲ ಬೆಟ್ಟದ ಹಿಂದೆ ಒಣ ಜಾಗದಲ್ಲಿರಲಿ, ಗೋಧಿಯ ತಾಟಿನ ಕೆಳಗೆ ಯಾವ ತಂತಿಯೂ ಹಾಯಬಾರದು. ಎಕ್ಸ್‌ಟೆನ್ಷನ್ ಬೋರ್ಡನ್ನು ಗೋಡೆಗೆ ಏರಿಸಿ ಕಟ್ಟಿ. ನೀರು ಚಿಮುಕಿಸುವಾಗ ಸ್ವಿಚ್ ಆಫ್. ಗೋದಲಿಯೊಳಗೆ ಮೇಣದಬತ್ತಿ ಬೇಡವೇ ಬೇಡ. ಕರೆಂಟ್ ಹೋದರೆ ಬರುವವರೆಗೆ ಕತ್ತಲಲ್ಲೇ ಇರಲಿ.

ಈಗ ಮಣ್ಣು. ಧಾರವಾಡದವರಿಗೆ ಕೆಂಪು ಮಣ್ಣು ಸುಲಭವಾಗಿ ಸಿಗುತ್ತದೆ, ಅವರ ಕೆಲಸ ಹಗುರ. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಇರುವುದು ಎರೆ ಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಮಣ್ಣು ನಿಮ್ಮ ಮೇಜಿನ ಮೇಲೆ ಸುಮ್ಮನಿರುವುದಿಲ್ಲ. ಒಂದು ಪಾಲು ಎರೆಗೆ ಒಂದು ಪಾಲು ಉಸುಕು, ಒಂದು ಹಿಡಿ ಸಣ್ಣಗೆ ಕತ್ತರಿಸಿದ ಹುಲ್ಲು ಕಲಸಿ. ಅರ್ಧ ಅಂಗುಲಕ್ಕಿಂತ ದಪ್ಪ ಹಚ್ಚಬೇಡಿ, ಫ್ಯಾನ್ ಹಾಕಿ ಒಣಗಿಸಬೇಡಿ. ಅಷ್ಟಾದರೂ ಕೂದಲೆಳೆಯ ಬಿರುಕು ಬಂದರೆ ಅದೇ ಮಣ್ಣಿನ ತೆಳು ರಾಡಿ ಮಾಡಿ ಬೆರಳಿನಿಂದ ತೀಡಿ.

ಕೆರೆಗೆ ಕನ್ನಡಿ ಇಡುವುದಾದರೆ ಮಣ್ಣು ಹಸಿ ಇರುವಾಗಲೇ ಒತ್ತಿ, ಅಂಚಿಗೆ ಉಸುಕು ಉದುರಿಸಿ. ನಿಜವಾದ ನೀರು ಇಡಬೇಡಿ. ಸೊಳ್ಳೆ ಒಂದು ಕಡೆ, ತಂತಿ ಇನ್ನೊಂದು ಕಡೆ.

ಹಂತ 7: ನಕ್ಷತ್ರ

ಕೊಂಡು ತನ್ನಿ. ಬಿದಿರ ಕಡ್ಡಿ, ಪತಂಗದ ಕಾಗದದಿಂದ ಮಾಡುವುದು ಸೊಗಸೇ, ಆದರೆ ಅದು ಬೇರೆಯದೇ ಕೆಲಸ. ಗೋಧಿಯ ವಾರದಲ್ಲಿ ಅದನ್ನೂ ಹಚ್ಚಿಕೊಂಡರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಹಂತ 8: ಪೈರು, ಗೊಂಬೆ, ಕೊನೆಗೆ ಬಾಲಯೇಸು (ಡಿಸೆಂಬರ್ 22ರಿಂದ 24)

ಗೋಧಿಯನ್ನು ತಾಟಿನ ಸಮೇತ ಇಟ್ಟು ಅಂಚನ್ನು ಒಣ ಮಣ್ಣು, ಹುಲ್ಲಿನಿಂದ ಮರೆಮಾಡಿ. ಬೇರಿನ ಹಾಸನ್ನು ಚಾಕುವಿನಿಂದ ಕೊಯ್ದು ತುಂಡು ತುಂಡಾಗಿಯೂ ಜೋಡಿಸಬಹುದು, ಆದರೆ ಹಾಗೆ ಕೊಯ್ದದ್ದು ಮೂರ್ನಾಲ್ಕು ದಿನಕ್ಕೆ ಬಾಡುತ್ತದೆ. ಜನವರಿವರೆಗೆ ಇಡುವವರಿಗೆ ತಾಟೇ ಸರಿ.

ಪ್ಲಾಸ್ಟರ್ ಗೊಂಬೆಯ ಬುಡ ತೇವ ಹೀರಿ ಪುಡಿಯಾಗುತ್ತದೆ, ಹೀಗಾಗಿ ಪ್ರತಿಯೊಂದರ ಕೆಳಗೆ ಚಪ್ಪಟೆ ಕಲ್ಲು ಅಥವಾ ರಟ್ಟಿನ ಬಿಲ್ಲೆ ಇರಲಿ. ಮರಿಯಳೂ ಯೋಸೇಫನೂ ಗುಡಿಸಲೊಳಗೆ. ಎತ್ತು, ಕತ್ತೆ ಅವರ ಹಿಂದೆ. ಕುರುಬರು, ಕುರಿ ಪೈರಿನ ಅಂಚಿನಲ್ಲಿ. ಬಾಲಯೇಸುವನ್ನು ನೋಡಲು ದೂರದಿಂದ ಒಂಟೆಯೊಂದಿಗೆ ಬರುವ ಮೂವರು ಜ್ಞಾನಿಗಳು ಈಗಲೇ ಗುಡಿಸಲ ಹತ್ತಿರ ಬರಕೂಡದು; ಬೆಟ್ಟದ ಆಚೆ ತುದಿಯಲ್ಲಿಟ್ಟು ದಿನಕ್ಕಿಷ್ಟು ಎಂದು ಸರಿಸುತ್ತ, ಅವರು ಬಂದು ತಲುಪಿದ ಹಬ್ಬವಾದ ಜನವರಿ 6ಕ್ಕೆ ಬಾಗಿಲಿಗೆ ತರಬೇಕು. ಸರಿಸುವ ಕೆಲಸ ಮಕ್ಕಳದು. ಯಾರ ಸರದಿ ಯಾವತ್ತು ಎಂದು ಮೊದಲೇ ಬರೆದು ಅಂಟಿಸದಿದ್ದರೆ ಒಂಟೆಯ ಕಾಲು ಮುರಿಯುವುದು ಖಂಡಿತ.

ಹಂತ 1ರಲ್ಲಿ ಆರಿಸಿಟ್ಟುಕೊಂಡ ನೆನಪುಗಳಿಗೆ ಈಗ ಜಾಗ. ನಮ್ಮ ಮನೆಯದು ಕಂಬಳಿ. ಅಂಗಡಿಯ ಕುರುಬ ನೀಲಿ ನಿಲುವಂಗಿಯಲ್ಲಿ ಬರುತ್ತಿದ್ದ, ಅಪ್ಪನಿಗೆ ಅದು ಒಪ್ಪಿಗೆಯಿಲ್ಲ. ಹರಿದ ಕರಿ ಕಂಬಳಿಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಹಾವೇರಿ ಕಡೆಯ ಕುರಿಗಾಹಿಗಳು ಹೊದೆಯುವಂತೆ ತಲೆಯ ಮೇಲೆ ಕೊಪ್ಪೆ ಮಾಡಿ ಹೊದಿಸುತ್ತಿದ್ದ. ದಾರ ಇಲ್ಲ, ಅಂಟು ಇಲ್ಲ, ಒರಟು ಉಣ್ಣೆ ಪ್ಲಾಸ್ಟರಿಗೆ ತಾನೇ ಹಿಡಿದುಕೊಳ್ಳುತ್ತದೆ. ನೀವೂ ಮಾಡುವುದಾದರೆ ಕತ್ತರಿಸಿದ ಅಂಚನ್ನು ಒಮ್ಮೆ ಒದ್ದೆ ಬೆರಳಿನಿಂದ ಹೊಸೆಯಿರಿ, ಎಳೆ ಬಿಚ್ಚುವುದಿಲ್ಲ.

ಬಾಲಯೇಸುವಿನ ಜಾಗ 24ರ ರಾತ್ರಿಯವರೆಗೆ ಖಾಲಿ ಇರಬೇಕು, ಅಲ್ಲಿ ಹಿಡಿ ಹುಲ್ಲು ಮಾತ್ರ. ಆ ಗೊಂಬೆಯನ್ನು ಬೇರೆ ಇಡುವವರು ಎಲ್ಲಿಟ್ಟೆವೆಂದು ಮರೆತು ನಡುರಾತ್ರಿ ಪೂಜೆಯಿಂದ ಬಂದು ಅಲಮಾರಿ ಜಾಲಾಡುವುದು ವರ್ಷವರ್ಷದ ಕಥೆ. ಇಬ್ಬರಿಗಾದರೂ ಜಾಗ ಗೊತ್ತಿರಲಿ. ಮಲಗಿಸುವುದು ಮನೆಯ ಕಿರಿಯ ಕೂಸಿನ ಕೈಯಿಂದ ಎನ್ನುವ ರೂಢಿ ನಿಮ್ಮಲ್ಲಿದ್ದರೆ, ಆ ಕೂಸು ಚರ್ಚಿಗೆ ಹೊರಡುವ ಮೊದಲು ಒಂದು ನಿದ್ದೆ ಮುಗಿಸಿರಲಿ.

ಹಂತ 9: ಬಿಚ್ಚುವುದು

ಜನವರಿ 6ರ ಹಬ್ಬ ಕಳೆದ ಮೇಲೆ ಬಿಚ್ಚಿ. ಮೊದಲು ಪ್ಲಗ್ ಕೀಳಿ, ಆಮೇಲೆ ಗೊಂಬೆ, ಆಮೇಲೆ ಪೈರು, ಕೊನೆಗೆ ತಂತಿ.

ಗೋಧಿ ಪೈರನ್ನು ದನಕ್ಕೆ, ಆಡಿಗೆ ಹಾಕಬಹುದು, ಬೂಷ್ಟು ಹಿಡಿದಿರಬಾರದಷ್ಟೆ. ಮಾತು ಮೀರಿ ಜೋಳ ಬಿತ್ತಿದ್ದರೆ ಅದನ್ನು ಯಾವ ಪ್ರಾಣಿಯ ಬಾಯಿಗೂ ಕೊಡಬೇಡಿ. ಎಳೆ ಜೋಳದ ಪೈರಿನಲ್ಲಿ ಧುರಿನ್ ಎಂಬ ಅಂಶವಿರುತ್ತದೆ, ದನ ಜಗಿದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ನಮ್ಮ ರೈತರು ಎಳೇ ಜೋಳದ ಹೊಲಕ್ಕೆ ದನ ನುಗ್ಗಿತೆಂದರೆ ಗಾಬರಿಯಾಗುವುದು ಇದಕ್ಕೇ. ಅಂಗಳದ ಗುಂಡಿಯಲ್ಲಿ ಮುಚ್ಚಿಬಿಡಿ.

ಗುಡಿಸಲಿನ ಹುಲ್ಲು ಎತ್ತಿಡಬೇಡಿ, ಅದರಲ್ಲಿ ಉಳಿದ ಬತ್ತದ ಕಾಳಿಗೆ ಇಲಿ ಬರುತ್ತದೆ, ಜೊತೆಗೆ ಗೊಂಬೆಯ ಪೆಟ್ಟಿಗೆಯನ್ನೂ ಕಡಿಯುತ್ತದೆ. ಗೊಂಬೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಹಸಿ ಮಣ್ಣಿನ ಎತ್ತುಗಳಿಗೆ ಹಳೇ ಸೀರೆಯ ತುಂಡು ಸುತ್ತಿ ಎಲ್ಲಕ್ಕಿಂತ ಮೇಲೆ ಇಡಿ. ಕಂಬಳಿಯ ತುಂಡಿನ ಜೊತೆ ನಾಲ್ಕು ಬೇವಿನ ಎಲೆ. ಹಂತ 1ರ ನಕ್ಷೆಯ ಹಾಳೆಯನ್ನೂ ಅದೇ ಡಬ್ಬಿಗೆ ಹಾಕಿ, ಹಿಂಬದಿಗೆ ಈ ವರ್ಷ ಗೋಧಿ ಬಿತ್ತಿದ ತಾರೀಖು, ಪೈರು ಎಷ್ಟು ಅಂಗುಲ ಎದ್ದಿತ್ತು, ಯಾವ ಅಂಗಡಿಯ ಗೋಧಿ ಎಂಬುದನ್ನು ಬರೆದಿಡಿ.